ಮನೆಯ ಗಣಕಯಂತ್ರದಿಂದ ಅರ್ಜಿ ಸಲ್ಲಿಸುವವರ ಗಮನಕ್ಕೆ: ಸಾಮಾನ್ಯ ದೋಷಗಳು ಮತ್ತು ಪರಿಹಾರ ಕ್ರಮಗಳು

1. ಪೀಠಿಕೆ

ಜಾತಿ ಮತ್ತು ಆದಾಯ ಪ್ರಮಾಣಪತ್ರ, ಪಹಣಿ, ವಿದ್ಯಾರ್ಥಿವೇತನ, ಪಿಂಚಣಿ ಮುಂತಾದ ಸೇವೆಗಳಿಗೆ ಸಾರ್ವಜನಿಕರು ಮನೆಯಿಂದಲೇ ಅಂತರಜಾಲದ ಮೂಲಕ ಅರ್ಜಿ ಸಲ್ಲಿಸಲು ಅವಕಾಶವಿದೆ. ಇದರಿಂದ ಕಚೇರಿಗೆ ಅಲೆಯುವ ಶ್ರಮ ಬಹುಮಟ್ಟಿಗೆ ತಪ್ಪಿದೆ. ಆದರೆ ಹಿಂದೆ ಕಚೇರಿಯ ಸಿಬ್ಬಂದಿ ನೋಡಿಕೊಳ್ಳುತ್ತಿದ್ದ ಯಂತ್ರ, ಸಂಪರ್ಕ ಮತ್ತು ಕಡತಗಳ ಜವಾಬ್ದಾರಿ ಈಗ ಅರ್ಜಿದಾರರ ಪಾಲಿಗೆ ಬಂದಿದೆ.

ಈ ಶಾಖೆಯ ಗಮನಕ್ಕೆ ಬಂದ ಒಂದು ನಿದರ್ಶನವನ್ನು ಇಲ್ಲಿ ತಿಳಿಸುವುದು ಸೂಕ್ತ. ಶುಲ್ಕ ವಿನಾಯಿತಿಗೆ ಅರ್ಜಿ ಸಲ್ಲಿಸಬೇಕಿದ್ದ ವಿದ್ಯಾರ್ಥಿನಿಯೊಬ್ಬರ ತಂದೆ, ಕಡೆಯ ದಿನಾಂಕ ಮುಗಿದ ಮರುದಿನ ಎರಡು ಬಸ್ಸು ಬದಲಿಸಿ ಕಚೇರಿಗೆ ಬಂದರು. ನಾಲ್ಕು ದಿನಗಳಿಂದ ಜಾಲತಾಣ ತೆರೆಯುತ್ತಿಲ್ಲವೆಂಬುದು ಅವರ ದೂರು. ಪರಿಚಿತರೊಬ್ಬರು ಯಂತ್ರವನ್ನು ಪೂರ್ತಿಯಾಗಿ ಫಾರ್ಮ್ಯಾಟ್ ಮಾಡಿದ್ದರಿಂದ ಅದರಲ್ಲಿದ್ದ ಅಂಕಪಟ್ಟಿಗಳ ಪ್ರತಿಗಳೂ ಹೋಗಿದ್ದವು. ಆದರೂ ಜಾಲತಾಣ ತೆರೆದಿರಲಿಲ್ಲ. ವಿಚಾರಿಸಿದಾಗ, ಅವರ ಯಂತ್ರದ ಪರದೆಯ ಮೂಲೆಯಲ್ಲಿ 2009ನೇ ಇಸವಿಯ ದಿನಾಂಕ ಕಾಣುತ್ತಿದ್ದುದು ತಿಳಿದುಬಂತು. ಕೆಟ್ಟಿದ್ದುದು ಒಳಗಿನ ನಾಣ್ಯದಾಕಾರದ ಒಂದು ಸಣ್ಣ ಬ್ಯಾಟರಿ ಮಾತ್ರ. ಕಡೆಯ ದಿನಾಂಕವನ್ನು ವಿಸ್ತರಿಸುವ ಅಧಿಕಾರ ಈ ಶಾಖೆಗೆ ಇರಲಿಲ್ಲ.

ಇಂತಹ ನಷ್ಟ ಇನ್ನೊಬ್ಬರಿಗೆ ಆಗಬಾರದೆಂಬ ಉದ್ದೇಶದಿಂದ ಈ ಮಾಹಿತಿಯನ್ನು ನೀಡಲಾಗಿದೆ. ಹೆಚ್ಚಿನ ಮನೆಗಳಲ್ಲಿ ವಿಂಡೋಸ್ ಕಾರ್ಯಾಚರಣಾ ವ್ಯವಸ್ಥೆ ಇರುವುದರಿಂದ ವಿವರಣೆಯು ಅದನ್ನೇ ಆಧರಿಸಿದೆ.

2. ದೋಷ ಎಲ್ಲಿದೆ ಎಂಬುದನ್ನು ಮೊದಲು ಗುರುತಿಸಿರಿ

ದುರಸ್ತಿಗೆ ಕೈ ಹಾಕುವ ಮುನ್ನ ಈ ಕೆಳಕಂಡ ಪ್ರಶ್ನೆಗಳಿಗೆ ಇದೇ ಕ್ರಮದಲ್ಲಿ ಉತ್ತರ ಕಂಡುಕೊಳ್ಳತಕ್ಕದ್ದು.

(ಅ) ಯಂತ್ರಕ್ಕೆ ವಿದ್ಯುತ್ ಬರುತ್ತಿದೆಯೇ?
(ಆ) ಯಂತ್ರ ಪೂರ್ಣವಾಗಿ ಚಾಲನೆಗೊಂಡು ಪರದೆ ಕಾಣಿಸುತ್ತಿದೆಯೇ?
(ಇ) ದಿನಾಂಕ, ವೇಳೆ ಮತ್ತು ಇಸವಿ ಸರಿಯಾಗಿವೆಯೇ?
(ಈ) ಬೇರೆ ಯಾವುದಾದರೂ ಜಾಲತಾಣ ತೆರೆಯುತ್ತಿದೆಯೇ?
(ಉ) ಅದೇ ಸೇವಾ ಜಾಲತಾಣ ಬೇರೊಂದು ಬ್ರೌಸರಿನಲ್ಲಿ ತೆರೆಯುತ್ತಿದೆಯೇ?
(ಊ) ಅದೇ ಜಾಲತಾಣ ಮೊಬೈಲ್ ಫೋನಿನಲ್ಲಿ, ಮನೆಯ ವೈಫೈ ಬಿಟ್ಟು ಮೊಬೈಲ್ ಡೇಟಾ ಮೂಲಕ ತೆರೆಯುತ್ತಿದೆಯೇ?

ಫೋನಿನಲ್ಲಿ ತೆರೆದು ಗಣಕಯಂತ್ರದಲ್ಲಿ ತೆರೆಯದಿದ್ದರೆ ದೋಷ ಮನೆಯಲ್ಲಿದೆ ಎಂದು ತಿಳಿಯಬಹುದು. ಎರಡರಲ್ಲೂ ತೆರೆಯದಿದ್ದು ಬೇರೆ ಜಾಲತಾಣಗಳು ತೆರೆಯುತ್ತಿದ್ದರೆ ದೋಷ ಬಹುತೇಕ ಸೇವಾ ಜಾಲತಾಣದಲ್ಲಿರುತ್ತದೆ. ಆಗ ಮನೆಯ ಯಂತ್ರವನ್ನು ಬಿಚ್ಚುವುದರಿಂದ ಪ್ರಯೋಜನವಿಲ್ಲ. ದಿನಾಂಕ ಮತ್ತು ವೇಳೆ ಕಾಣುವಂತೆ ಪರದೆಯ ಚಿತ್ರ ತೆಗೆದಿಟ್ಟುಕೊಂಡು, ಸ್ವಲ್ಪ ಹೊತ್ತು ಬಿಟ್ಟು ಪ್ರಯತ್ನಿಸತಕ್ಕದ್ದು. ಮುಂದೆ ದೂರು ಸಲ್ಲಿಸಬೇಕಾದಲ್ಲಿ ಈ ಚಿತ್ರವೇ ಅರ್ಜಿದಾರರ ಕೈಯಲ್ಲಿರುವ ಆಧಾರ.

3. ಯಂತ್ರಾಂಶದ ದೋಷಗಳು

3.1 ಯಂತ್ರ ಚಾಲನೆಗೊಳ್ಳದಿರುವುದು: ಗೋಡೆಯ ಸಾಕೆಟ್ಟಿಗೆ ಬೇರೊಂದು ಉಪಕರಣ ಹಾಕಿ ವಿದ್ಯುತ್ ಇದೆಯೇ ಎಂದು ನೋಡಿರಿ. ನಂತರ ಯುಪಿಎಸ್, ವಿಸ್ತರಣಾ ಪೆಟ್ಟಿಗೆ, ಯಂತ್ರದ ಹಿಂಬದಿಯ ಸ್ವಿಚ್ಚು ಮತ್ತು ತಂತಿಗಳನ್ನು ಪರೀಕ್ಷಿಸಿರಿ. ಮಾನಿಟರಿಗೆ ಪ್ರತ್ಯೇಕ ಸ್ವಿಚ್ಚು ಇರುತ್ತದೆ ಎಂಬುದನ್ನು ಮರೆಯಬಾರದು. ವಿದ್ಯುತ್ ಪೂರೈಸುವ ಎಸ್‌ಎಂಪಿಎಸ್ ಪೆಟ್ಟಿಗೆಯನ್ನು ಯಾವ ಕಾರಣಕ್ಕೂ ಮನೆಯಲ್ಲಿ ಬಿಚ್ಚಬಾರದು. ಪ್ಲಗ್ ತೆಗೆದ ನಂತರವೂ ಅದರೊಳಗೆ ಅಪಾಯಕಾರಿ ವಿದ್ಯುತ್ ಉಳಿದಿರುತ್ತದೆ.

3.2 ಬೀಪ್ ಶಬ್ದ ಬಂದು ಪರದೆ ಕಪ್ಪಾಗಿಯೇ ಇರುವುದು: ಮೆಮೊರಿ ಪಟ್ಟಿ ಸಡಿಲಗೊಂಡಿದ್ದರೆ ಅಥವಾ ಅದರ ಅಂಚಿನಲ್ಲಿ ಕೊಳೆ ಕೂತಿದ್ದರೆ ಸಾಮಾನ್ಯವಾಗಿ ಹೀಗಾಗುತ್ತದೆ. ಖಾತರಿ ಅವಧಿ ಮುಗಿದಿರುವ ಡೆಸ್ಕ್‌ಟಾಪ್ ಯಂತ್ರವಾದರೆ ಪ್ಲಗ್ ತೆಗೆದು, ಕೈಯಿಂದ ಕ್ಯಾಬಿನೆಟ್ಟಿನ ಲೋಹದ ಭಾಗವನ್ನು ಮುಟ್ಟಿ, ಆ ನಂತರ ಪಟ್ಟಿಯನ್ನು ಹೊರತೆಗೆಯಬಹುದು. ಅದರ ಚಿನ್ನದ ಬಣ್ಣದ ಅಂಚನ್ನು ಮೆದುವಾದ ರಬ್ಬರಿನಿಂದ ಹಗುರವಾಗಿ ಒರೆಸಿ, ಪುಡಿ ತೆಗೆದು, ಎರಡೂ ಬದಿಯ ಕೊಂಡಿಗಳು ಬೀಳುವವರೆಗೆ ಮತ್ತೆ ಕೂಡಿಸತಕ್ಕದ್ದು. ಖಾತರಿ ಅವಧಿಯಲ್ಲಿರುವ ಯಂತ್ರವನ್ನು ತೆರೆಯದೆ ಮಾರಾಟಗಾರರ ಸೇವಾ ಕೇಂದ್ರಕ್ಕೆ ಒಪ್ಪಿಸುವುದು ಸೂಕ್ತ.

3.3 ದಿನಾಂಕ ಹಿಂದಕ್ಕೆ ಹೋಗುವುದು: ಯಂತ್ರ ಆರಿದ್ದಾಗಲೂ ಗಡಿಯಾರ ನಡೆಯಲು ಮದರ್‌ಬೋರ್ಡಿನ ಮೇಲೆ ಒಂದು ನಾಣ್ಯದಾಕಾರದ ಬ್ಯಾಟರಿ ಇರುತ್ತದೆ. ಡೆಸ್ಕ್‌ಟಾಪ್ ಯಂತ್ರಗಳಲ್ಲಿ ಇದು ಸಾಮಾನ್ಯವಾಗಿ 3 ವೋಲ್ಟಿನ ಸಿಆರ್ 2032 ಮಾದರಿಯದು. ಇದು ಕೆಲವು ವರ್ಷಗಳಲ್ಲಿ ಸವೆಯುತ್ತದೆ. ಸುರಕ್ಷಿತ ಜಾಲತಾಣಗಳ ಗುರುತಿನ ಪ್ರಮಾಣಪತ್ರಗಳಿಗೆ ಆರಂಭದ ದಿನಾಂಕ ಮತ್ತು ಮುಕ್ತಾಯದ ದಿನಾಂಕ ಇರುತ್ತವೆ. ಯಂತ್ರವು ಹಳೆಯ ಇಸವಿಯನ್ನು ನಂಬಿಕೊಂಡಿದ್ದರೆ, ಆ ಪ್ರಮಾಣಪತ್ರ ಇನ್ನೂ ಜಾರಿಗೇ ಬಂದಿಲ್ಲವೆಂದು ಭಾವಿಸಿ, ಸಂಪರ್ಕ ಸುರಕ್ಷಿತವಲ್ಲವೆಂಬ ಎಚ್ಚರಿಕೆ ತೋರಿಸಿ ಬಾಗಿಲು ಮುಚ್ಚುತ್ತದೆ. ಪೀಠಿಕೆಯಲ್ಲಿ ತಿಳಿಸಿದ ಪ್ರಸಂಗದಲ್ಲಿ ಆದದ್ದು ಇದೇ. ಫಾರ್ಮ್ಯಾಟ್ ಮಾಡುವುದರಿಂದ ಬ್ಯಾಟರಿ ಸರಿಯಾಗುವುದಿಲ್ಲ.

ಪರಿಹಾರ: ಸೆಟ್ಟಿಂಗ್ಸ್‌ನಲ್ಲಿ ದಿನಾಂಕ ಮತ್ತು ವೇಳೆಯ ವಿಭಾಗಕ್ಕೆ ಹೋಗಿ, ಕಾಲವಲಯ ಭಾರತೀಯ ಕಾಲಮಾನದ್ದೇ ಎಂದು ಖಚಿತಪಡಿಸಿಕೊಂಡು, ದಿನಾಂಕ ಸರಿಪಡಿಸಿರಿ. ಅಂದಿನ ಕೆಲಸ ಇಷ್ಟರಿಂದಲೇ ನಡೆಯುತ್ತದೆ. ಯಂತ್ರ ಆರಿಸಿ ಹಚ್ಚಿದಾಗ ದಿನಾಂಕ ಮತ್ತೆ ಹಿಂದಕ್ಕೆ ಹೋದರೆ ಬ್ಯಾಟರಿ ಬದಲಾಯಿಸಬೇಕು. ಅದರ ಬೆಲೆ ಅತ್ಯಲ್ಪ.

3.4 ಹಾರ್ಡ್ ಡಿಸ್ಕ್: ಟಿಕ್ ಟಿಕ್ ಎಂಬ ಹೊಸ ಶಬ್ದ, ಕಡತಗಳು ತೆರೆಯಲು ವಿಪರೀತ ವಿಳಂಬ, ಮೇಲಿಂದ ಮೇಲೆ ಯಂತ್ರ ಸ್ಥಗಿತಗೊಳ್ಳುವುದು, ಇವು ಡಿಸ್ಕ್ ಕೆಡುತ್ತಿರುವ ಸೂಚನೆಗಳು. ಇಂತಹ ಸಂದರ್ಭದಲ್ಲಿ ಮೊದಲು ಕಡತಗಳ ಪ್ರತಿ ತೆಗೆದುಕೊಂಡು, ದುರಸ್ತಿಯ ಯೋಚನೆಯನ್ನು ಆಮೇಲೆ ಮಾಡತಕ್ಕದ್ದು. ಅಂಕಪಟ್ಟಿ, ಪ್ರಮಾಣಪತ್ರ ಮತ್ತು ಸ್ವೀಕೃತಿಗಳ ಪ್ರತಿಗಳು ಯಂತ್ರದ ಹೊರಗೆ ಇನ್ನೊಂದು ಕಡೆಯಲ್ಲಿ ಸದಾ ಇರಬೇಕು.

3.5 ಸಿಡಿಲು ಮತ್ತು ವೋಲ್ಟೇಜ್: ನಮ್ಮ ರಾಜ್ಯದಲ್ಲಿ ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಗುಡುಗು ಸಿಡಿಲಿನ ಮಳೆ ಸಾಮಾನ್ಯ. ಗುಡುಗು ಕೇಳಲು ಆರಂಭವಾದ ಕೂಡಲೇ ಸ್ವಿಚ್ಚು ಆರಿಸಿದರೆ ಸಾಲದು, ಪ್ಲಗ್ಗನ್ನೇ ತೆಗೆಯಬೇಕು. ಅಂತರಜಾಲದ ತಂತಿಯನ್ನೂ ಬೇರ್ಪಡಿಸಬೇಕು. ಸಿಡಿಲಿನ ವಿದ್ಯುತ್ ಆ ದಾರಿಯಿಂದಲೂ ಒಳಗೆ ಬರುತ್ತದೆ.

4. ತಂತ್ರಾಂಶದ ದೋಷಗಳು

4.1 ಹಳೆಯ ತಂತ್ರಾಂಶ: ವಿಂಡೋಸ್ ಎಕ್ಸ್‌ಪಿ ಆವೃತ್ತಿಗೆ 2014ರ ಏಪ್ರಿಲ್ 8ರಂದು, ವಿಂಡೋಸ್ 7ಕ್ಕೆ 2020ರ ಜನವರಿ 14ರಂದು, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ತಯಾರಕರ ಸಾಮಾನ್ಯ ಬೆಂಬಲ ಕೊನೆಗೊಂಡಿದೆ. ಇಂಟರ್ನೆಟ್ ಎಕ್ಸ್‌ಪ್ಲೋರರ್ ಬ್ರೌಸರನ್ನು 2022ರ ಜೂನ್ 15ರಂದು ನಿವೃತ್ತಿಗೊಳಿಸಲಾಯಿತು. ಇಂತಹ ಯಂತ್ರಗಳು ನಡೆಯುತ್ತಿದ್ದರೂ ಹೊಸ ಜಾಲತಾಣಗಳು ಅವುಗಳಲ್ಲಿ ಸರಿಯಾಗಿ ತೆರೆಯದಿರಬಹುದು. ಮೇಲಾಗಿ ಭದ್ರತಾ ಲೋಪಗಳಿಗೆ ತೇಪೆ ಸಿಗುವುದಿಲ್ಲ. ಇದು ಸಣ್ಣ ವಿಷಯವಲ್ಲ. 2017ರ ಮೇ 12ರಂದು ಹಲವಾರು ದೇಶಗಳಿಗೆ ಹರಡಿದ ವನ್ನಾಕ್ರೈ ಎಂಬ ಸುಲಿಗೆ ತಂತ್ರಾಂಶವು ಕಡತಗಳಿಗೆ ಬೀಗ ಹಾಕಿ ಹಣ ಕೇಳಿತು. ಅದು ಬಳಸಿಕೊಂಡ ಲೋಪಕ್ಕೆ ಅದೇ ವರ್ಷದ ಮಾರ್ಚ್ 14ರಂದೇ ಪರಿಹಾರ ಬಿಡುಗಡೆಯಾಗಿತ್ತು. ಪರಿಷ್ಕರಣೆಯನ್ನು ಮುಂದೂಡಿದವರ ಯಂತ್ರಗಳು ಹಾಗೂ ಬೆಂಬಲ ಮುಗಿದ ಹಳೆಯ ಯಂತ್ರಗಳು ಅದಕ್ಕೆ ಬಲಿಯಾದವು.

4.2 ಗುಂಡಿ ಒತ್ತಿದರೂ ಮುಂದಿನ ಪುಟ ಬಾರದಿರುವುದು: ಸ್ವೀಕೃತಿ ಪತ್ರವು ಹಲವು ಜಾಲತಾಣಗಳಲ್ಲಿ ಪ್ರತ್ಯೇಕ ಕಿಟಕಿಯಲ್ಲಿ ತೆರೆಯುತ್ತದೆ. ಬ್ರೌಸರ್ ಅದನ್ನು ಜಾಹೀರಾತೆಂದು ಭಾವಿಸಿ ತಡೆದಿರಬಹುದು. ವಿಳಾಸ ಪಟ್ಟಿಯ ಬಲತುದಿಯಲ್ಲಿ ಕಾಣುವ ಸಣ್ಣ ಸೂಚನೆಯನ್ನು ಒತ್ತಿ, ಆ ಜಾಲತಾಣಕ್ಕೆ ಮಾತ್ರ ಅನುಮತಿ ನೀಡಬಹುದು. ಹಳೆಯ ಪುಟವೇ ಮತ್ತೆ ಮತ್ತೆ ಬರುತ್ತಿದ್ದರೆ ಕಂಟ್ರೋಲ್ ಮತ್ತು ಎಫ್ 5 ಕೀಲಿಗಳನ್ನು ಒಟ್ಟಿಗೆ ಒತ್ತಿರಿ. ಅರ್ಜಿಯನ್ನು ಅರ್ಧ ತುಂಬಿ ಬಹಳ ಹೊತ್ತು ಬಿಟ್ಟರೆ ಲಾಗಿನ್ ಅವಧಿ ಮುಗಿಯುತ್ತದೆ. ಆದುದರಿಂದ ದಾಖಲೆಗಳನ್ನು ಮೊದಲು ಸಿದ್ಧಪಡಿಸಿಕೊಂಡು ನಂತರ ಅರ್ಜಿ ತೆರೆಯುವುದು ಒಳ್ಳೆಯದು.

4.3 ಕನ್ನಡ ಅಕ್ಷರಗಳು ವಿಚಿತ್ರ ಚಿಹ್ನೆಗಳಾಗಿ ಕಾಣುವುದು: ನುಡಿ, ಬರಹ ಮೊದಲಾದ ತಂತ್ರಾಂಶಗಳ ಹಳೆಯ ಅಕ್ಷರಶೈಲಿಗಳಲ್ಲಿ ಬೆರಳಚ್ಚು ಮಾಡಿದ ಬರಹವು ನೋಡಲು ಕನ್ನಡವಾದರೂ ಯಂತ್ರದ ಒಳಗೆ ಇಂಗ್ಲಿಷ್ ಅಕ್ಷರ ಹಾಗೂ ಚಿಹ್ನೆಗಳ ಸಂಕೇತಗಳಾಗಿಯೇ ಉಳಿದಿರುತ್ತದೆ. ಅಂತಹ ಬರಹವನ್ನು ಅರ್ಜಿಯಲ್ಲಿ ಅಂಟಿಸಿದರೆ ಹೆಸರು, ವಿಳಾಸ ಎಲ್ಲವೂ ಅರ್ಥವಿಲ್ಲದ ಚಿಹ್ನೆಗಳಾಗುತ್ತವೆ. ಯುನಿಕೋಡ್ ಪದ್ಧತಿಯಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ತನ್ನದೇ ಸಂಕೇತವಿರುವುದರಿಂದ ಈ ತೊಂದರೆ ಇರುವುದಿಲ್ಲ. ಅರ್ಜಿಯನ್ನು ಯುನಿಕೋಡ್ ಕೀಲಿಮಣೆ ವಿನ್ಯಾಸದಲ್ಲಿಯೇ ತುಂಬತಕ್ಕದ್ದು. ಹಳೆಯ ಬರಹವನ್ನು ಪರಿವರ್ತಕದ ಮೂಲಕ ಬದಲಾಯಿಸಿದಲ್ಲಿ ಒತ್ತಕ್ಷರ ಮತ್ತು ಅರ್ಕಾವತ್ತುಗಳನ್ನು ಒಂದೊಂದಾಗಿ ಪರಿಶೀಲಿಸಿರಿ. ಪ್ರಮಾಣಪತ್ರದಲ್ಲಿ ಹೆಸರು ತಪ್ಪಾಗಿ ಮುದ್ರಿತವಾದರೆ ತಿದ್ದುಪಡಿಗೆ ಹೊಸದಾಗಿ ಅರ್ಜಿ ಸಲ್ಲಿಸಬೇಕಾಗಬಹುದು.

4.4 ಕಡತದ ಗಾತ್ರ ಮಿತಿ ಮೀರುವುದು: ಸ್ಕ್ಯಾನರಿನಲ್ಲಿ ಇಂಚಿಗೆ 200 ಚುಕ್ಕೆಗಳ ಬದಲು 600 ಚುಕ್ಕೆಗಳನ್ನು ಆರಿಸಿದರೆ ಉದ್ದದಲ್ಲಿ 3 ಪಟ್ಟು, ಅಗಲದಲ್ಲಿ 3 ಪಟ್ಟು, ಒಟ್ಟು 9 ಪಟ್ಟು ಚುಕ್ಕೆಗಳಾಗುತ್ತವೆ. ಓದಲು ಬೇಕಾದ ದಾಖಲೆಗೆ ಸಾಮಾನ್ಯವಾಗಿ 200 ಸಾಕು. ಬಣ್ಣ ಅಗತ್ಯವಿಲ್ಲದ ಕಡೆ ಬೂದುಛಾಯೆ ಆರಿಸಿರಿ. ಗಾತ್ರ ಕುಗ್ಗಿಸಲೆಂದು ಆಧಾರ್, ಬ್ಯಾಂಕ್ ಪಾಸ್‌ಪುಸ್ತಕ ಮುಂತಾದವುಗಳನ್ನು ಅಪರಿಚಿತ ಜಾಲತಾಣಗಳಿಗೆ ಏರಿಸುವುದು ಅಪಾಯಕರ. ಕಡಿಮೆ ಚುಕ್ಕೆಗಳಲ್ಲಿ ಮತ್ತೊಮ್ಮೆ ಸ್ಕ್ಯಾನ್ ಮಾಡುವುದೇ ಸುರಕ್ಷಿತ ಮಾರ್ಗ.

4.5 ಡಿಜಿಟಲ್ ಸಹಿಯ ಮೇಲೆ ಪ್ರಶ್ನಾರ್ಥಕ ಚಿಹ್ನೆ: ಇಳಿಸಿಕೊಂಡ ಪ್ರಮಾಣಪತ್ರದಲ್ಲಿ ಸಹಿಯ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆ ಕಂಡು, ಪ್ರಮಾಣಪತ್ರವೇ ನಕಲಿ ಎಂದು ಗಾಬರಿಯಾಗುವವರಿದ್ದಾರೆ. ಸಹಿಯನ್ನು ಆ ಯಂತ್ರ ಇನ್ನೂ ಪರಿಶೀಲಿಸಿಲ್ಲ ಎಂಬುದಷ್ಟೇ ಅದರ ಅರ್ಥ. ಮಾಹಿತಿ ತಂತ್ರಜ್ಞಾನ ಅಧಿನಿಯಮ 2000ರಡಿ ಭಾರತದ ಡಿಜಿಟಲ್ ಸಹಿಗಳಿಗೆ ಪ್ರಮಾಣೀಕರಣ ಪ್ರಾಧಿಕಾರಗಳ ನಿಯಂತ್ರಕರ ಮೂಲ ಪ್ರಮಾಣಪತ್ರ ಆಧಾರವಾಗಿದೆ. ಪಿಡಿಎಫ್ ಓದುವ ತಂತ್ರಾಂಶಕ್ಕೆ ಅದರ ಪರಿಚಯವಿಲ್ಲದಿದ್ದರೆ ಈ ಚಿಹ್ನೆ ಬರುತ್ತದೆ. ಅಂತರಜಾಲ ಸಂಪರ್ಕವಿರುವ ಗಣಕಯಂತ್ರದಲ್ಲಿ ಅಡೋಬಿ ರೀಡರ್ ಮೂಲಕ ಕಡತ ತೆರೆದು, ಸಹಿಯನ್ನು ಒತ್ತಿ, ಸಹಿ ಮಾಡಿದವರ ಪ್ರಮಾಣಪತ್ರದ ವಿವರಗಳಲ್ಲಿ ಎಲ್ಲಕ್ಕಿಂತ ಮೇಲಿರುವ ಸಿಸಿಎ ಇಂಡಿಯಾ ಎಂಬುದನ್ನು ಆಯ್ದು, ನಂಬಿಕೆಯ ಪಟ್ಟಿಗೆ ಸೇರಿಸಿ, ಪುನಃ ಪರಿಶೀಲಿಸಿದರೆ ಹಸಿರು ಗುರುತು ಬರುತ್ತದೆ. ಅಧಿಕೃತ ಜಾಲತಾಣದಿಂದ ನೀವೇ ಇಳಿಸಿಕೊಂಡ ಕಡತಕ್ಕೆ ಮಾತ್ರ ಹೀಗೆ ಮಾಡತಕ್ಕದ್ದು.

5. ಮುದ್ರಕ

ಮುದ್ರಣ ಅರ್ಧಕ್ಕೆ ನಿಂತರೆ ಅದೇ ಆದೇಶವನ್ನು ಹತ್ತು ಬಾರಿ ನೀಡಬಾರದು. ಸರದಿಯಲ್ಲಿ ಸಿಕ್ಕಿಕೊಂಡಿರುವ ಮೊದಲ ಕಡತವನ್ನು ರದ್ದುಪಡಿಸಿ, ಮುದ್ರಕವನ್ನು ಆರಿಸಿ ಹಚ್ಚಿರಿ. ಮುದ್ರಕವೇ ಇಲ್ಲದಿದ್ದರೂ ಸ್ವೀಕೃತಿ ಕಳೆದುಕೊಳ್ಳಬೇಕಾಗಿಲ್ಲ. ವಿಂಡೋಸ್ 10 ಮತ್ತು ನಂತರದ ಆವೃತ್ತಿಗಳಲ್ಲಿ ಮುದ್ರಕಗಳ ಪಟ್ಟಿಯಲ್ಲಿ ಪ್ರಿಂಟ್ ಟು ಪಿಡಿಎಫ್ ಎಂಬ ಆಯ್ಕೆಯಿದ್ದು, ಪುಟವನ್ನು ಕಡತವಾಗಿ ಉಳಿಸಿಕೊಳ್ಳಬಹುದು.

6. ಹಣ ಪಾವತಿಯ ಮಧ್ಯೆ ಸಂಪರ್ಕ ಕಡಿದುಹೋದಲ್ಲಿ

ವಿದ್ಯುತ್ ಹೋಗಿಯೋ ಸಂಪರ್ಕ ಕಡಿದೋ ಪಾವತಿ ಮಧ್ಯದಲ್ಲಿ ನಿಂತರೆ ಕೂಡಲೇ ಎರಡನೇ ಬಾರಿ ಪಾವತಿಸಬಾರದು. ಮೊದಲು ಬ್ಯಾಂಕ್ ಖಾತೆಯಲ್ಲಿ ಹಣ ಕಡಿತವಾಗಿದೆಯೇ ಎಂದು ನೋಡಿರಿ. ಕಡಿತವಾಗಿದ್ದರೆ ವಹಿವಾಟಿನ ಸಂಖ್ಯೆಯನ್ನು ಬರೆದಿಟ್ಟುಕೊಂಡು, ಜಾಲತಾಣಕ್ಕೆ ಮತ್ತೆ ಪ್ರವೇಶಿಸಿ ಅರ್ಜಿಯ ಸ್ಥಿತಿಯನ್ನು ಪರಿಶೀಲಿಸಿರಿ. ಪಾವತಿ ನಡೆಯುತ್ತಿರುವಾಗ ಹಿಂದಿನ ಪುಟದ ಗುಂಡಿಯನ್ನು ಒತ್ತಬಾರದು. ಅರ್ಜಿಯ ಸಂಖ್ಯೆ, ವಹಿವಾಟಿನ ಸಂಖ್ಯೆ ಮತ್ತು ದಿನಾಂಕ ಈ ಮೂರನ್ನು ಒಂದು ಪುಸ್ತಕದಲ್ಲಿ ಬರೆದಿಡುವ ಅಭ್ಯಾಸ ಒಳ್ಳೆಯದು. ಈ ಮೂರು ಇದ್ದಲ್ಲಿ ಕಚೇರಿಯಲ್ಲಿ ಪರಿಶೀಲನೆ ಸುಲಭವಾಗುತ್ತದೆ.

7. ಸುರಕ್ಷತೆ

7.1 ವಿಳಾಸ ಪರಿಶೀಲನೆ: ಬೀಗದ ಚಿಹ್ನೆ ಇದ್ದ ಮಾತ್ರಕ್ಕೆ ಜಾಲತಾಣ ಅಧಿಕೃತವೆಂದು ಭಾವಿಸಬಾರದು. ಮೋಸದ ಜಾಲತಾಣಗಳೂ ಆ ಚಿಹ್ನೆಯನ್ನು ಪಡೆಯುತ್ತವೆ. ಆರಂಭದ ಜೋಡಿ ಓರೆಗೆರೆಗಳನ್ನು ಬಿಟ್ಟು, ಆನಂತರ ಬರುವ ಮೊದಲ ಒಂಟಿ ಓರೆಗೆರೆಯ ಹಿಂದಿನ ಭಾಗವನ್ನು ನೋಡಿರಿ. ಸರ್ಕಾರದ ಜಾಲತಾಣಗಳ ವಿಳಾಸದಲ್ಲಿ ಆ ಭಾಗವು ಸಾಮಾನ್ಯವಾಗಿ ಡಾಟ್ ಜಿಒವಿ ಡಾಟ್ ಇನ್ ಅಥವಾ ಡಾಟ್ ಎನ್‌ಐಸಿ ಡಾಟ್ ಇನ್ ಎಂದು ಕೊನೆಗೊಳ್ಳುತ್ತದೆ. ಇವು ವಿಳಾಸದ ನಡುವೆ ಎಲ್ಲೋ ಬಂದು, ಕೊನೆಯಲ್ಲಿ ಬೇರೆ ಏನೋ ಇದ್ದರೆ ಅದನ್ನು ನಂಬಬಾರದು.

7.2 ಸಹಾಯದ ಹೆಸರಿನಲ್ಲಿ ಮೋಸ: ಯಂತ್ರ ಕೈಕೊಟ್ಟು ಕಡೆಯ ದಿನಾಂಕ ಸಮೀಪಿಸಿದಾಗ ಜನರು ಆತುರದಲ್ಲಿರುತ್ತಾರೆ. ಮೋಸಗಾರರಿಗೆ ಬೇಕಾದದ್ದು ಅದೇ. ಹುಡುಕಾಟದಲ್ಲಿ ಸಿಗುವ ಸಹಾಯವಾಣಿ ಸಂಖ್ಯೆಗಳಲ್ಲಿ ನಕಲಿ ಸಂಖ್ಯೆಗಳೂ ಇರುತ್ತವೆ. ಸಂಖ್ಯೆಯನ್ನು ಇಲಾಖೆಯ ಜಾಲತಾಣದಿಂದಲೇ ಪಡೆಯತಕ್ಕದ್ದು. ದೂರದಿಂದ ಯಂತ್ರವನ್ನು ನಿಯಂತ್ರಿಸುವ ತಂತ್ರಾಂಶವನ್ನು ಹಾಕಿಕೊಳ್ಳುವಂತೆ ಯಾರಾದರೂ ಫೋನಿನಲ್ಲಿ ಹೇಳಿದರೆ ಒಪ್ಪಬಾರದು. ಹಾಗೆ ಒಪ್ಪಿದಲ್ಲಿ ನಿಮ್ಮ ಪರದೆ, ಕಡತಗಳು ಮತ್ತು ಬ್ಯಾಂಕ್ ವ್ಯವಹಾರ ಅವರ ಕಣ್ಣೆದುರಿಗೆ ಇರುತ್ತವೆ. ಪಾಸ್‌ವರ್ಡ್ ಮತ್ತು ಒಟಿಪಿಯನ್ನು ಫೋನಿನಲ್ಲಿ ಯಾರಿಗೂ ತಿಳಿಸಬಾರದು. ಡಿಜಿಟಲ್ ಬಂಧನ ಎಂಬುದು ಯಾವ ಕಾನೂನಿನಲ್ಲಿಯೂ ಇಲ್ಲ. ದಂಡದ ಚಲನ್ ಎಂದು ಹೇಳಿ ಸಂದೇಶದ ಮೂಲಕ ಬರುವ ಎಪಿಕೆ ಕಡತಗಳನ್ನು ತೆರೆಯಕೂಡದು.

7.3 ವೈರಸ್: ನಿಮ್ಮ ಯಂತ್ರಕ್ಕೆ ವೈರಸ್ ತಗುಲಿದೆ, ಈ ಸಂಖ್ಯೆಗೆ ಕರೆ ಮಾಡಿ ಎಂದು ಬ್ರೌಸರಿನಲ್ಲಿ ಬರುವ ಕೆಂಪು ಪರದೆ ಮೋಸದ್ದು. ಬ್ರೌಸರನ್ನು ಮುಚ್ಚಿದರೆ ಸಾಕು. ವಿಂಡೋಸ್‌ನೊಂದಿಗೆ ಬರುವ ರಕ್ಷಣಾ ತಂತ್ರಾಂಶವನ್ನು ಚಾಲನೆಯಲ್ಲಿಟ್ಟಿರಿ. ಎರಡು ಪ್ರತಿವೈರಸ್ ತಂತ್ರಾಂಶಗಳನ್ನು ಒಟ್ಟಿಗೆ ನಡೆಸಿದರೆ ಯಂತ್ರ ನಿಧಾನವಾಗುತ್ತದೆ. ಜೆರಾಕ್ಸ್ ಅಂಗಡಿಯಲ್ಲಿ ಬಳಸಿದ ಪೆನ್‌ಡ್ರೈವಿನಲ್ಲಿ ಫೋಲ್ಡರುಗಳೆಲ್ಲ ಶಾರ್ಟ್‌ಕಟ್‌ಗಳಾಗಿ ಕಂಡರೆ ಅವುಗಳ ಮೇಲೆ ಒತ್ತಬಾರದು. ಅನೇಕ ಬಾರಿ ಮೂಲ ಕಡತಗಳು ಅಳಿದಿರುವುದಿಲ್ಲ, ಮರೆಮಾಡಲ್ಪಟ್ಟಿರುತ್ತವೆ. ಸ್ಕ್ಯಾನ್ ಮಾಡಿ ವೈರಸ್ ತೆಗೆದ ನಂತರ ಅವುಗಳನ್ನು ಹೊರತರಬಹುದು. ಕೇಂದ್ರ ಸರ್ಕಾರದ ಸೈಬರ್ ಸ್ವಚ್ಛತಾ ಕೇಂದ್ರವು 2017ರಿಂದ ಇದಕ್ಕೆ ಉಚಿತ ಸಾಧನಗಳನ್ನು ಒದಗಿಸುತ್ತಿದೆ.

7.4 ಹಣ ಹೋದಲ್ಲಿ: ತಡಮಾಡದೆ 1930 ಸಂಖ್ಯೆಗೆ ಕರೆ ಮಾಡಿ, ತಮ್ಮ ಬ್ಯಾಂಕಿಗೂ ತಿಳಿಸತಕ್ಕದ್ದು. ರಾಷ್ಟ್ರೀಯ ಸೈಬರ್ ಅಪರಾಧ ವರದಿ ಜಾಲತಾಣದಲ್ಲಿಯೂ ದೂರು ದಾಖಲಿಸಬಹುದು. ಹಣ ಮುಂದಿನ ಖಾತೆಗೆ ದಾಟುವ ಮುನ್ನ ತಡೆಯಲು ಮೊದಲ ಕೆಲವು ಗಂಟೆಗಳು ಬಹಳ ಮುಖ್ಯ. ಮಾಹಿತಿ ತಂತ್ರಜ್ಞಾನ ಅಧಿನಿಯಮದ ಕಲಂ 66ಸಿ ಪ್ರಕಾರ ಇನ್ನೊಬ್ಬರ ಪಾಸ್‌ವರ್ಡ್ ಅಥವಾ ಡಿಜಿಟಲ್ ಸಹಿಯನ್ನು ಮೋಸದಿಂದ ಬಳಸುವುದು, ಕಲಂ 66ಡಿ ಪ್ರಕಾರ ಗಣಕಯಂತ್ರದ ಮೂಲಕ ಬೇರೊಬ್ಬರಂತೆ ನಟಿಸಿ ವಂಚಿಸುವುದು 3 ವರ್ಷಗಳವರೆಗೆ ಸೆರೆವಾಸ ಮತ್ತು ದಂಡಕ್ಕೆ ಗುರಿಯಾಗುವ ಅಪರಾಧಗಳು. ನಾಚಿಕೆಯಿಂದ ದೂರು ನೀಡದಿರುವುದು ಸರಿಯಲ್ಲ. ಮೋಸಹೋದವರಲ್ಲಿ ವಿದ್ಯಾವಂತರೂ ಅಧಿಕಾರಿಗಳೂ ಇದ್ದಾರೆ.

8. ಯಂತ್ರವನ್ನು ದುರಸ್ತಿಗೆ ಕೊಡುವ ಮುನ್ನ

(1) ಸಾಧ್ಯವಿದ್ದಲ್ಲಿ ಕಡತಗಳ ಪ್ರತಿ ತೆಗೆದುಕೊಳ್ಳಿರಿ.
(2) ಬ್ರೌಸರಿನಲ್ಲಿ ಉಳಿಸಿದ ಪಾಸ್‌ವರ್ಡ್‌ಗಳನ್ನು ಅಳಿಸಿರಿ.
(3) ಬಿಡಿಭಾಗಗಳ ವಿವರವಿರುವ ರಸೀದಿ ಪಡೆಯಿರಿ.
(4) ಬದಲಾಯಿಸಿದ ಹಳೆಯ ಭಾಗವನ್ನು, ಮುಖ್ಯವಾಗಿ ಹಾರ್ಡ್ ಡಿಸ್ಕನ್ನು, ಹಿಂದಕ್ಕೆ ಪಡೆಯಿರಿ.
(5) ತಮ್ಮ ಒಪ್ಪಿಗೆಯಿಲ್ಲದೆ ಫಾರ್ಮ್ಯಾಟ್ ಮಾಡಬಾರದೆಂದು ರಸೀದಿಯ ಮೇಲೆ ಬರೆಸಿರಿ.

9. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಒಟಿಪಿ ಬರುತ್ತಿಲ್ಲ, ಏನು ಮಾಡಬೇಕು?
ಉತ್ತರ: ನೋಂದಾಯಿತ ಮೊಬೈಲ್ ಸಂಖ್ಯೆ ಈಗಲೂ ತಮ್ಮದೇ ಎಂದು ಖಚಿತಪಡಿಸಿಕೊಳ್ಳಿರಿ. ಕೆಲವು ನಿಮಿಷ ಕಾಯಿರಿ. ಹಲವು ಬಾರಿ ಕೋರಿದ್ದರೆ ಸಾಮಾನ್ಯವಾಗಿ ಕೊನೆಯದು ಮಾತ್ರ ನಡೆಯುತ್ತದೆ.

ಪ್ರಶ್ನೆ: ಪ್ರಮಾಣಪತ್ರದ ಸಂಖ್ಯೆಯನ್ನು ಸರಿಯಾಗಿ ಹಾಕಿದರೂ ತಪ್ಪು ಎನ್ನುತ್ತಿದೆ, ಏಕೆ?
ಉತ್ತರ: ಸೊನ್ನೆಯ ಬದಲು ಓ ಅಕ್ಷರ ಬಿದ್ದಿರಬಹುದು ಅಥವಾ ಸಂಖ್ಯೆಯನ್ನು ಅಂಟಿಸುವಾಗ ಕೊನೆಯಲ್ಲಿ ಖಾಲಿ ಜಾಗ ಸೇರಿರಬಹುದು. ಅಳಿಸಿ, ಕೈಯಿಂದಲೇ ಬೆರಳಚ್ಚು ಮಾಡಿರಿ.

ಪ್ರಶ್ನೆ: ಇದಾವುದೂ ನನ್ನಿಂದ ಆಗದು, ಏನು ಮಾಡಲಿ?
ಉತ್ತರ: ಮನೆಯಿಂದಲೇ ಸಲ್ಲಿಸಬೇಕೆಂಬ ಕಡ್ಡಾಯವಿಲ್ಲ. ಸೇವೆಗೆ ಅನುಗುಣವಾಗಿ ಸಮೀಪದ ನಾಡಕಚೇರಿ, ಗ್ರಾಮ ಒನ್, ಕರ್ನಾಟಕ ಒನ್ ಅಥವಾ ಬೆಂಗಳೂರು ಒನ್ ಕೇಂದ್ರಗಳಲ್ಲಿ ನಿಗದಿತ ಶುಲ್ಕ ನೀಡಿ ಅರ್ಜಿ ಸಲ್ಲಿಸಬಹುದು. ರಸೀದಿಯನ್ನು ಕೇಳಿ ಪಡೆಯಿರಿ.

10. ಮುಕ್ತಾಯ

ಇಲ್ಲಿ ತಿಳಿಸಿದ ಕ್ರಮಗಳಲ್ಲಿ ಹೆಚ್ಚಿನವುಗಳಿಗೆ ಹಣ ಬೇಕಾಗಿಲ್ಲ, ಸಮಯ ಬೇಕು. ಆ ಸಮಯ ಕಡೆಯ ದಿನದ ಸಂಜೆ ಯಾರಲ್ಲಿಯೂ ಇರುವುದಿಲ್ಲ. ಆದುದರಿಂದ ಅರ್ಜಿದಾರರು ಕಡೆಯ ದಿನಾಂಕಕ್ಕೆ ಕನಿಷ್ಠ ಒಂದು ವಾರ ಮೊದಲು ತಮ್ಮ ಯಂತ್ರವನ್ನು ತೆರೆದು, ದಿನಾಂಕ ಸರಿಯಿದೆಯೇ, ಜಾಲತಾಣ ತೆರೆಯುತ್ತಿದೆಯೇ, ದಾಖಲೆಗಳು ಸಿದ್ಧವಿವೆಯೇ ಎಂದು ನೋಡಿಕೊಳ್ಳುವುದು ಸೂಕ್ತ. ಮೂರು ದಿನ ಪ್ರಯತ್ನಿಸಿಯೂ ಸರಿಯಾಗದಿದ್ದಲ್ಲಿ, ಉಳಿದ ದಿನಗಳಲ್ಲಿ ಮೇಲ್ಕಂಡ ಕೇಂದ್ರಗಳಿಗೆ ಹೋಗಲು ಅವಕಾಶವಿರುತ್ತದೆ. ಸಾರ್ವಜನಿಕರು ಈ ಮಾಹಿತಿಯ ಸದುಪಯೋಗವನ್ನು ಪಡೆದುಕೊಂಡು, ಮನೆಯ ಹಿರಿಯರಿಗೂ ನೆರೆಹೊರೆಯವರಿಗೂ ತಿಳಿಸಬೇಕಾಗಿ ಕೋರಲಾಗಿದೆ.